ಥಾರ್, ಬೊಲೆರೊ, ಹಳೇ ಜೀಪಿಗೆ ಮನೆಯಲ್ಲೇ ‘ಮಾಡಿಫಿಕೇಶನ್’: ಫಾರ್ವರ್ಡ್‌ಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು?

“ಬುಲ್ ಬಾರ್ ಹಾಕಿಸಿದರೆ ಏರ್‌ಬ್ಯಾಗ್ ಓಪನ್ ಆಗೋದೇ ಇಲ್ಲ.” “ಒಂದು ಸ್ಟಿಕ್ಕರ್ ಅಂಟಿಸಿದರೂ ಒಂದು ಲಕ್ಷ ದಂಡ, ಹೊಸ ಕಾನೂನು ಬಂದಿದೆ, ಎಲ್ಲರಿಗೂ ಶೇರ್ ಮಾಡಿ.” “ಹಳದಿ ಬಲ್ಬ್ ಹಾಕಿ, ಮಂಜು ಸೀಳಿಕೊಂಡು ಹೋಗುತ್ತೆ.” “ಹೆಡ್‌ಲೈಟ್ ಮಬ್ಬಾಗಿದೆಯಾ? ಟೂತ್‌ಪೇಸ್ಟ್ ಹಚ್ಚಿ, ಹತ್ತು ರೂಪಾಯಿಯಲ್ಲಿ ಹೊಸದಾಗುತ್ತೆ.”

ಇಂಥ ಸಂದೇಶಗಳು ವಾಹನದವರ ಗ್ರೂಪುಗಳಲ್ಲಿ ದಿನವೂ ಓಡಾಡುತ್ತವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಇವಕ್ಕೆ ಓದುಗರು ಹೆಚ್ಚು, ಏಕೆಂದರೆ ಅಲ್ಲಿ ಜೀಪು ಬರೀ ಶೋಕಿಯ ವಸ್ತುವಲ್ಲ. ಅಡಿಕೆ ತೋಟಕ್ಕೆ, ಭದ್ರಾ ಕಾಲುವೆ ಏರಿಯ ಮೇಲೆ, ಗದ್ದೆಯ ಕೆಸರಿಗೆ, ಜಗಳೂರಿನ ಧೂಳಿನ ಬಂಡಿದಾರಿಗೆ ಅದೇ ಬೇಕು. ಕೆಲಸಕ್ಕೆ ಕೊಂಡ ಬೊಲೆರೊಗೆ ಒಂದು ಲೈಟು, ಒಂದು ಗಾರ್ಡು ಹಾಕಿಸಬೇಕೆನ್ನುವ ಆಸೆ ಸಹಜ. ಆನ್‌ಲೈನಿನಲ್ಲಿ ಸಾಮಾನು ತರಿಸಿ, ಯೂಟ್ಯೂಬ್ ನೋಡಿ ಮನೆಯಂಗಳದಲ್ಲೇ ಫಿಟ್ ಮಾಡುವವರೂ ಇದ್ದಾರೆ. ಯಾವ ಮಾತನ್ನು ನಂಬಬಹುದು, ಯಾವುದನ್ನು ಅಲ್ಲೇ ಅಳಿಸಿಬಿಡಬೇಕು ಎಂದು ನಾವು ಇಲ್ಲಿ ನೋಡಿದ್ದೇವೆ.

ಒಂದು ಲಕ್ಷ ದಂಡದ ಕಥೆ

ಮೊದಲು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಹೇಳುವುದು ಇಷ್ಟು: ತಯಾರಕರು ಮೂಲತಃ ನಮೂದಿಸಿದ, ಆರ್‌ಸಿಯಲ್ಲಿ ಬರೆದಿರುವ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾಲೀಕರು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. “ಮಾಡಿಫಿಕೇಶನ್ ಪೂರ್ತಿ ಬ್ಯಾನ್” ಎಂಬ ಫಾರ್ವರ್ಡ್ ಹುಟ್ಟಿದ್ದು ಆ ತೀರ್ಪಿನ ನಂತರ. ಆದರೆ ಕಲಂ ಮಾತಾಡುವುದು ಆರ್‌ಸಿಯ ವಿವರಗಳ ಬಗ್ಗೆ: ಬಾಡಿಯ ಬಗೆ, ಸೀಟುಗಳ ಸಂಖ್ಯೆ, ಇಂಧನ, ಚಾಸಿಸ್, ಎಂಜಿನ್, ಬಣ್ಣ ಇತ್ಯಾದಿ. ಮೊಬೈಲ್ ಹೋಲ್ಡರ್, ಫ್ಲೋರ್ ಮ್ಯಾಟ್, ಮಡ್ ಫ್ಲಾಪ್ ಇದರಡಿ ಬರುವುದಿಲ್ಲ. ಬಿಳಿ ಬೊಲೆರೊವನ್ನು ಪೂರ್ತಿ ಕಪ್ಪು ಮಾಡಿದರೆ ಬರುತ್ತದೆ. ಆಗ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬಣ್ಣ ಬದಲಿಸಿಕೊಳ್ಳಬೇಕು. “ಪೇಂಟ್ ಅಲ್ಲ, ರ‍್ಯಾಪ್ ಸ್ಟಿಕ್ಕರ್ ಮಾತ್ರ” ಎಂಬ ವಾದ ಚೆಕ್‌ಪೋಸ್ಟಿನಲ್ಲಿ ನಿಲ್ಲುವುದು ಕಷ್ಟ. ನೋಡುವವರ ಕಣ್ಣಿಗೆ ಗಾಡಿ ಕಪ್ಪು, ಕಾಗದದಲ್ಲಿ ಬಿಳಿ.

ದಂಡ ಎಷ್ಟು? 2019ರ ತಿದ್ದುಪಡಿಯಲ್ಲಿ 182ಎ ಎಂಬ ಕಲಂ ಸೇರಿತು. ಅದರ ಪ್ರಕಾರ, ಕಾಯ್ದೆ ಒಪ್ಪದ ರೀತಿಯಲ್ಲಿ ವಾಹನ ಬದಲಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. “ಒಂದು ಲಕ್ಷ” ಎಂಬ ಅಂಕಿ ಅದೇ ಕಲಮಿನಲ್ಲಿದೆ, ನಿಜ. ಆದರೆ ಅದು ನಿಯಮ ಮೀರಿದ ವಾಹನ ತಯಾರಿಸುವ, ಮಾರುವ ಕಂಪನಿ ಮತ್ತು ಡೀಲರ್‌ಗಳಿಗೆ, ಹಾಗೂ ಸುರಕ್ಷತೆಗೆ ಸಂಬಂಧಿಸಿದ ಕಳಪೆ ಬಿಡಿಭಾಗ ಮಾರುವವರಿಗೆ. ಫಾರ್ವರ್ಡ್ ಬರೆದವರು ಎರಡು ಸಾಲನ್ನು ಒಂದು ಮಾಡಿದ್ದಾರೆ. ಹಾಗೆಂದು 5,000 ರೂಪಾಯಿ ಚಿಕ್ಕದಲ್ಲ. ಬಾರು, ಲೈಟು, ಹಾರ್ನು ಮೂರೂ ಸೇರಿದರೆ ಲೆಕ್ಕ ಮೂರು ಸಲ.

ಲೈಟು: ನಿಜವಾದ ಅಪಾಯ ಇಲ್ಲೇ

ಹೊನ್ನಾಳಿಯಿಂದ ಶಿವಮೊಗ್ಗದ ಕಡೆಗೋ, ಚನ್ನಗಿರಿಯಿಂದ ದಾವಣಗೆರೆಗೋ ರಾತ್ರಿ ಬಂದವರಿಗೆ ಈ ಅನುಭವ ಹೊಸದಲ್ಲ. ಎದುರಿನಿಂದ ಬೆಳ್ಳಗೆ ಎರಡು ಸೂರ್ಯ ಬಂದಂತಾಗುತ್ತದೆ, ಗಾಡಿ ದಾಟಿದ ಮೇಲೆ ಕೆಲ ಕ್ಷಣ ಏನೂ ಕಾಣುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಮೂರು ಸೆಕೆಂಡು ಕಣ್ಣು ಕುರುಡಾದರೆ ಗಾಡಿ 50 ಮೀಟರ್ ಕುರುಡಾಗಿ ಓಡಿರುತ್ತದೆ. ಆ 50 ಮೀಟರಿನಲ್ಲಿ ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಇರಬಹುದು, ರಸ್ತೆ ಮೇಲೆ ಒಣಹಾಕಿದ ಮೆಕ್ಕೆಜೋಳದ ರಾಶಿ ಇರಬಹುದು, ಅದರ ಪಕ್ಕ ಕಾವಲು ಮಲಗಿದ ಮನುಷ್ಯ ಇರಬಹುದು.

“ಎಲ್‌ಇಡಿ ಬಲ್ಬ್ ಹಾಕಿದರೆ ಸಾಕು, ಅದೇ ಹೋಲ್ಡರಿಗೆ ಕೂರುತ್ತೆ” ಎಂಬ ಮಾತು ಅರ್ಧ ನಿಜ. ಕೂರುತ್ತದೆ. ಆದರೆ ಹಳೆಯ ಎಚ್4 ಹ್ಯಾಲೊಜನ್ ಬಲ್ಬಿನ ಒಳಗೆ ಎರಡು ತಂತಿಗಳಿರುತ್ತವೆ, ಒಂದು ಡಿಮ್‌ಗೆ, ಒಂದು ಬ್ರೈಟ್‌ಗೆ. ಡಿಮ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು. ಹಿಂದಿನ ಕನ್ನಡಿಯನ್ನು ಆ ತಂತಿಗಳು ನಿಖರವಾಗಿ ಎಲ್ಲಿವೆಯೋ ಅದಕ್ಕೆ ತಕ್ಕಂತೆ ರೂಪಿಸಿರುತ್ತಾರೆ. ಅಗ್ಗದ ಎಲ್‌ಇಡಿಯಲ್ಲಿ ಬೆಳಕು ಬರುವ ಚಿಪ್ ಒಂದೆರಡು ಮಿಲಿಮೀಟರ್ ಆಚೀಚೆ ಇದ್ದರೂ ಕನ್ನಡಿಯ ಲೆಕ್ಕ ತಪ್ಪುತ್ತದೆ. ರಸ್ತೆಗೆ ಬೀಳಬೇಕಾದ ಬೆಳಕು ಮೇಲಕ್ಕೆ ಚೆಲ್ಲಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಓಡಿಸುವವರಿಗೆ ಗಾಡಿಯ ಮುಂದಿನ ಹತ್ತು ಮೀಟರ್ ಬೆಳ್ಳಗೆ ಕಾಣುವುದರಿಂದ “ಸೂಪರ್ ಲೈಟ್” ಎನಿಸುತ್ತದೆ, ದೂರದ್ದು ಮಾತ್ರ ಮೊದಲಿಗಿಂತ ಕಡಿಮೆ ಕಾಣಬಹುದು. ಕಂಪನಿಯಿಂದಲೇ ಎಲ್‌ಇಡಿ ಹೆಡ್‌ಲೈಟ್ ಬಂದ ಗಾಡಿಗೆ ಈ ದೋಷ ಹೇಳುತ್ತಿಲ್ಲ. ಅಲ್ಲಿ ಕನ್ನಡಿ, ಲೆನ್ಸು ಎಲ್ಲ ಅದಕ್ಕೆಂದೇ ಮಾಡಿದ್ದು.

ನಿಮ್ಮ ಗಾಡಿಯದ್ದು ಹೇಗಿದೆ ಎಂದು ತಿಳಿಯಲು ಮೆಕ್ಯಾನಿಕ್ ಬೇಕಿಲ್ಲ. ಸಂಜೆ ಕತ್ತಲಾದ ಮೇಲೆ ಸಮತಟ್ಟಾದ ಕಣದಲ್ಲೋ ಶಾಲೆ ಮೈದಾನದಲ್ಲೋ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ ಡಿಮ್ ಹಾಕಿ. ಗೋಡೆಯ ಮೇಲೆ ಬೆಳಕಿಗೂ ಕತ್ತಲಿಗೂ ನಡುವೆ ಸ್ಪಷ್ಟ ಗೆರೆ ಕಾಣಬೇಕು. ಆ ಗೆರೆ ಹೆಡ್‌ಲೈಟಿನ ಎತ್ತರಕ್ಕಿಂತ ಸುಮಾರು 10 ಸೆಂ.ಮೀ. ಕೆಳಗಿರಬೇಕು, ಎಡಗಡೆ ಸ್ವಲ್ಪ ಮೇಲೇರಿರಬೇಕು. ಗೆರೆಯೇ ಇಲ್ಲದೆ ಬೆಳಕು ಗೋಡೆ ತುಂಬ ಹರಡಿದ್ದರೆ ಆ ಬಲ್ಬು ಆ ಕನ್ನಡಿಗೆ ಹೊಂದಿಲ್ಲ. ಇನ್ನೊಂದು ವಿಷಯ: ಹಿಂದೆ ನಾಲ್ಕು ಅಡಿಕೆ ಮೂಟೆ ಹೇರಿದರೆ ಗಾಡಿಯ ಹಿಂಭಾಗ ಕುಸಿದು ಮೂತಿ ಮೇಲೆ ಏಳುತ್ತದೆ, ಬೆಳಕೂ ಏಳುತ್ತದೆ. ಅದಕ್ಕೇ ಹಲವು ವಾಹನಗಳ ಡ್ಯಾಶ್‌ಬೋರ್ಡಿನಲ್ಲಿ 0, 1, 2 ಎಂದು ಬರೆದ ಪುಟ್ಟ ಚಕ್ರ ಇರುವುದು. ಕೊಂಡ ದಿನದಿಂದ ಅದನ್ನು ಮುಟ್ಟದವರೇ ಹೆಚ್ಚು.

ಕಣ್ಣು ಕುಕ್ಕುವ ಲೈಟುಗಳ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈನಿಂದ ರಾಜ್ಯದಾದ್ಯಂತ ಪ್ರಕರಣ ಹಾಕತೊಡಗಿದರು. ಟಾಪಿನ ಮೇಲೆ ಉದ್ದನೆಯ ಎಲ್‌ಇಡಿ ಬಾರ್ ಇದ್ದರೆ ಅದರ ಜಾಗ ತೋಟ, ಗದ್ದೆ. ಡಾಂಬರು ರಸ್ತೆಗೆ ಬಂದ ಮೇಲೆ ಅದನ್ನು ಉರಿಸುವುದು ಶೋಕಿಯೂ ಅಲ್ಲ, ಎದುರಿನ ಬೈಕಿನವರಿಗೆ ಮಾಡುವ ದ್ರೋಹ ಎಂದೇ ನಾವು ಹೇಳುತ್ತೇವೆ. ಕೆಂಪು-ನೀಲಿ ಮಿನುಗುವ ಲೈಟಿನ ಮಾತೇ ಬೇಡ. ಗಣ್ಯರ ಕೆಂಪು ದೀಪಗಳನ್ನೇ 2017ರ ಮೇ 1ರಿಂದ ತೆಗೆಸಿದ್ದಾರೆ.

ಹಳದಿ ಬೆಳಕು ಮಂಜು ಸೀಳುತ್ತದೆಯೇ?

ಇಲ್ಲ. ಬಹಳ ಹಳೆಯ ನಂಬಿಕೆ ಇದು, ಇದಕ್ಕೆ ಶಾಲೆಯ ಪಾಠವೇ ಕಾರಣ. ಆಕಾಶ ನೀಲಿ ಕಾಣುವುದು ಗಾಳಿಯ ಅಣುಗಳು ನೀಲಿಯನ್ನು ಹೆಚ್ಚು ಚದುರಿಸುವುದರಿಂದ, ಹಾಗಾಗಿ ಮಂಜಿನಲ್ಲೂ ಹಳದಿ ಕಡಿಮೆ ಚದುರುತ್ತದೆ ಎಂಬ ತರ್ಕ. ಆದರೆ ಆ ನಿಯಮ ಬೆಳಕಿನ ಅಲೆಗಿಂತ ಬಹಳ ಚಿಕ್ಕ ಕಣಗಳಿಗೆ ಮಾತ್ರ. ಮಂಜಿನ ಹನಿ ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತದೆ. ಮಂಜು ಬಿಳಿಯಾಗಿ ಕಾಣುವುದೇ ಅದಕ್ಕೆ ಸಾಕ್ಷಿ. ಹಳದಿಯಲ್ಲಿ ನೀಲಿ ಅಂಶ ಕಡಿಮೆ ಇರುವುದರಿಂದ ಕೆಲವರಿಗೆ ಕಣ್ಣಿಗೆ ಹಿತ ಎನಿಸಬಹುದು, ಅಷ್ಟೇ.

ಫಾಗ್ ಲೈಟಿನ ಗುಟ್ಟು ಬಣ್ಣದಲ್ಲಿಲ್ಲ, ಎತ್ತರದಲ್ಲಿದೆ. ಬಂಪರಿನ ಕೆಳಗೆ ಇಟ್ಟು, ಅಗಲವಾಗಿ, ಕೆಳಮುಖವಾಗಿ ಬಿಟ್ಟರೆ ಬೆಳಕು ನಿಮ್ಮ ದೃಷ್ಟಿಯ ಸಾಲಿನಲ್ಲಿರುವ ಮಂಜಿಗೆ ಬಡಿದು ವಾಪಸ್ ಕಣ್ಣಿಗೆ ಬರುವುದಿಲ್ಲ. ಸೂಳೆಕೆರೆ ಸುತ್ತಿನ ಚಳಿಗಾಲದ ಬೆಳಗಿನ ಮಂಜಿಗೂ ಇದೇ ನಿಯಮ, ಮುಂದಿನ ಲಾರಿ ಎಬ್ಬಿಸುವ ಜಗಳೂರಿನ ಧೂಳಿಗೂ ಇದೇ. ಟಾಪಿನ ಮೇಲಿನ ಬಾರ್ ಮಂಜಿನಲ್ಲಿ ಹಾಕಿದರೆ ಮುಂದೆ ಬಿಳಿ ಗೋಡೆ ಎದ್ದಂತಾಗುತ್ತದೆ.

“ಫ್ಯೂಸ್ ಪದೇ ಪದೇ ಹೋಗುತ್ತಾ? ದೊಡ್ಡದು ಹಾಕಿ”

ಈ ಸಲಹೆ ಕೊಡುವವರನ್ನು ಗ್ರೂಪಿನಿಂದ ತೆಗೆದರೂ ತಪ್ಪಿಲ್ಲ. ಲೆಕ್ಕ ಸರಳ. 12 ವೋಲ್ಟಿನ ಗಾಡಿಯಲ್ಲಿ 60 ವ್ಯಾಟಿನ ಬಲ್ಬು 5 ಆಂಪಿಯರ್ ಎಳೆಯುತ್ತದೆ. 100 ವ್ಯಾಟಿನ ಎರಡು ಹ್ಯಾಲೊಜನ್ ಹಾಕಿದರೆ ಹತ್ತಿರ ಹತ್ತಿರ 17 ಆಂಪಿಯರ್. ನಿಜವಾಗಿ 120 ವ್ಯಾಟ್ ಎಳೆಯುವ ಎಲ್‌ಇಡಿ ಬಾರ್ 10 ಆಂಪಿಯರ್. ಪೆಟ್ಟಿಗೆಯ ಮೇಲೆ 300 ವ್ಯಾಟ್ ಎಂದು ಬರೆದಿರುವ ಎಷ್ಟೋ ಬಾರುಗಳು ಅದರ ಅರ್ಧವನ್ನೂ ಎಳೆಯುವುದಿಲ್ಲ, ಅದು ಬೇರೆ ಮೋಸ. ಕಂಪನಿ ಹಾಕಿದ ತಂತಿ ಕಂಪನಿಯ ಬಲ್ಬಿಗೆ ಬೇಕಾದಷ್ಟೇ ದಪ್ಪ ಇರುತ್ತದೆ. ಹೆಚ್ಚು ಕರೆಂಟ್ ಹರಿದರೆ ತಂತಿ ಕಾಯುತ್ತದೆ. ತಂತಿಯ ಪ್ಲಾಸ್ಟಿಕ್ ಕರಗುವ ಮೊದಲೇ ತಾನು ಕರಗಿ ಕರೆಂಟ್ ನಿಲ್ಲಿಸುವುದು ಫ್ಯೂಸಿನ ಕೆಲಸ. ಅಲ್ಲಿ ದೊಡ್ಡ ಫ್ಯೂಸೋ, ಬೀಡಿ ಕಟ್ಟಿನ ಬೆಳ್ಳಿ ಕಾಗದವೋ ಇಟ್ಟರೆ ತಂತಿಯೇ ಫ್ಯೂಸಾಗುತ್ತದೆ. ಬಾನೆಟ್ ಒಳಗೆ ಎಣ್ಣೆ, ಧೂಳು, ಇಲಿ ತಂದಿಟ್ಟ ಒಣಹುಲ್ಲು ಎಲ್ಲ ಇದ್ದೇ ಇರುತ್ತವೆ.

ತೋಟಕ್ಕೆ ಎರಡು ಹೆಚ್ಚುವರಿ ಲೈಟು ಬೇಕೇ ಬೇಕು ಎನ್ನುವವರು ಹೀಗೆ ಮಾಡಬಹುದು. ಹೆಡ್‌ಲೈಟಿನ ತಂತಿ ಸುಲಿದು, ಸುತ್ತಿ, ಟೇಪ್ ಹಚ್ಚಬೇಡಿ. ಬ್ಯಾಟರಿಯಿಂದ ನೇರ ಬೇರೆ ತಂತಿ ಎಳೆಯಿರಿ, 10 ಆಂಪಿಯರಿಗೆ 2.5 ಚದರ ಮಿ.ಮೀ. ದಪ್ಪದ ವಾಹನದ ತಂತಿ ಸಾಕು. ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಇರಲಿ. ಒಂದು ರಿಲೇ ಹಾಕಿ. ಆಗ ಸ್ವಿಚ್ಚಿನಲ್ಲಿ ಹರಿಯುವುದು ರಿಲೇಯನ್ನು ಎಬ್ಬಿಸುವಷ್ಟು ಸಣ್ಣ ಕರೆಂಟ್ ಮಾತ್ರ, ದೊಡ್ಡ ಕರೆಂಟ್ ಬಾನೆಟ್ ಒಳಗೇ ಉಳಿಯುತ್ತದೆ. ಅರ್ಥ್ ತಂತಿಯನ್ನು ಬಾಡಿಗೆ ಬೋಲ್ಟ್ ಮಾಡುವ ಜಾಗದಲ್ಲಿ ಪೇಂಟ್ ಕೆರೆದಿರಬೇಕು. ಫಿಟ್ಟಿಂಗ್ ಮುಗಿದ ಮೇಲೆ ಲೈಟ್ ಹಚ್ಚಿ, ಬ್ಯಾಟರಿಯಲ್ಲಿ ಮತ್ತು ಲೈಟಿನ ಬುಡದಲ್ಲಿ ಮೀಟರ್ ಹಿಡಿದು ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ಜಾಯಿಂಟ್ ಸಡಿಲ ಅಥವಾ ತಂತಿ ಸಣ್ಣದು. ಹೊಸ ಗಾಡಿಯಾದರೆ ಇದಾವುದನ್ನೂ ಮಾಡುವ ಮೊದಲು ವಾರಂಟಿ ಪುಸ್ತಕ ಓದಿ, ಮತ್ತು ಹಾಕಿದ ಸಾಮಾನನ್ನು ವಿಮಾ ಕಂಪನಿಗೆ ತಿಳಿಸಿ. ಹೇಳದೆ ಹಾಕಿದ ವೈರಿಂಗಿನಿಂದ ಬೆಂಕಿ ಬಿದ್ದರೆ ಕ್ಲೈಮಿನ ಹೊತ್ತಿಗೆ ಮೊದಲು ಬರುವ ಪ್ರಶ್ನೆಯೇ ಅದು.

ಬುಲ್ ಬಾರ್: ಗಟ್ಟಿ ಇದ್ದರೆ ಒಳ್ಳೆಯದಲ್ಲವೇ?

“ಹಳೇ ಜೀಪು ಕಬ್ಬಿಣ, ಈಗಿನದು ಪ್ಲಾಸ್ಟಿಕ್” ಎಂಬ ಮಾತನ್ನು ನಮ್ಮ ಹಿರಿಯರೂ ಹೇಳುತ್ತಾರೆ. ರಸ್ತೆಗೆ ನುಗ್ಗುವ ದನ, ಕಾಡುಹಂದಿಗಾಗಿ ಗಾರ್ಡ್ ಹಾಕಿಸುವವರ ಕಾರಣ ಅರ್ಥವಾಗುವಂಥದ್ದೇ. ಆದರೆ ಡಿಕ್ಕಿಯಲ್ಲಿ ಉಳಿಯಬೇಕಾದ್ದು ಗಾಡಿಯೋ ಒಳಗಿನವರೋ ಎಂಬುದು ಪ್ರಶ್ನೆ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಮರಕ್ಕೆ ಗುದ್ದಿದ ಗಾಡಿಯ ಮೂತಿ 60 ಸೆಂ.ಮೀ. ಮಡಚಿಕೊಂಡು ನಿಂತಿತು ಎನ್ನೋಣ. ಒಳಗಿನವರ ಮೇಲೆ ಸರಾಸರಿ ಬೀಳುವ ಬಲ ಅವರ ತೂಕದ 16 ಪಟ್ಟು. ಮೂತಿ ಗಟ್ಟಿಯಾಗಿ 30 ಸೆಂ.ಮೀ. ಮಾತ್ರ ಮಡಚಿದರೆ ಅದು 33 ಪಟ್ಟು ಆಗುತ್ತದೆ. ಗಾಡಿ ಕಡಿಮೆ ನಜ್ಜುಗುಜ್ಜಾಗಿರುತ್ತದೆ, ಎದೆಗೂಡು ಹೆಚ್ಚು. ಮೂತಿ ಮಡಚುವಂತೆ ಮಾಡಿರುವುದು ಕಂಪನಿಯ ಜಿಪುಣತನವಲ್ಲ, ಅದೊಂದು ಹಾಸಿಗೆ. ಚಾಸಿಸ್ಸಿಗೆ ಬೋಲ್ಟ್ ಮಾಡಿದ ಕಬ್ಬಿಣದ ಬಾರ್ ಆ ಹಾಸಿಗೆಯನ್ನು ದಾಟಿ ಪೆಟ್ಟನ್ನು ನೇರ ಒಳಗೆ ಕಳಿಸುತ್ತದೆ.

ಹಾಗಾದರೆ “ಏರ್‌ಬ್ಯಾಗ್ ತೆರೆಯುವುದೇ ಇಲ್ಲ” ಎಂಬುದು ನಿಜವೇ? ಪೂರ್ತಿ ನಿಜವಲ್ಲ. ಗಾಡಿ ಎಷ್ಟು ಬೇಗ ನಿಲ್ಲುತ್ತಿದೆ ಎಂಬುದನ್ನು ಸೆನ್ಸರ್‌ಗಳು ಅಳೆದು, ಇದು ಗುಂಡಿಯೋ ಡಿಕ್ಕಿಯೋ ಎಂದು ಸೆಕೆಂಡಿನ ಸಣ್ಣ ಭಾಗದಲ್ಲಿ ತೀರ್ಮಾನಿಸುತ್ತವೆ. ಆ ಲೆಕ್ಕ ಹಾಕಿರುವುದು ಬಾರ್ ಇಲ್ಲದ ಗಾಡಿಗೆ. ಬಾರ್ ಇದ್ದಾಗ ಏರ್‌ಬ್ಯಾಗ್ ತಡವಾಗಿ ತೆರೆಯಬಹುದು, ಬೇಡದಾಗ ತೆರೆಯಬಹುದು, ಸರಿಯಾಗಿಯೂ ತೆರೆಯಬಹುದು. ಯಾವುದಾಗುತ್ತದೆ ಎಂದು ಆ ಬಾರ್ ವೆಲ್ಡ್ ಮಾಡಿದವರು ಪರೀಕ್ಷಿಸಿಲ್ಲ. ಇನ್ನು ಏರ್‌ಬ್ಯಾಗೇ ಇಲ್ಲದ ಹಳೇ ಜೀಪಿನ ಮಾಲೀಕರಿಗೆ ಒಂದು ಮಾತು: ಬಾರ್ ತಗಲುವ ಎತ್ತರ ದೊಡ್ಡವರ ಸೊಂಟ, ಮಕ್ಕಳ ತಲೆ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಪತ್ರ ಬರೆದು, ಕ್ರ್ಯಾಶ್ ಗಾರ್ಡ್ ಮತ್ತು ಬುಲ್ ಬಾರ್ 52ನೇ ಕಲಮಿನ ಉಲ್ಲಂಘನೆ, ಕ್ರಮ ತೆಗೆದುಕೊಳ್ಳಿ ಎಂದು ತಿಳಿಸಿದೆ. ಅಂಗಡಿಯಲ್ಲಿ ಸಿಗುತ್ತದೆ ಎಂಬುದು ಅನುಮತಿಯಲ್ಲ.

ಗಾಜಿನ ಫಿಲ್ಮ್: 70 ಎಂದು ಬರೆದಿದ್ದರೆ 70 ಅಲ್ಲ

ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜಿನಲ್ಲಿ ಶೇ 50 ಬೆಳಕು ಹಾಯಬೇಕು ಎಂಬುದು ಕೇಂದ್ರ ಮೋಟಾರು ವಾಹನ ನಿಯಮ 100. 2012ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಗಾಜಿಗೆ ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತ್ತು. ಆಮೇಲೆ ನಿಯಮ ತಿದ್ದುಪಡಿಯಾಯಿತು, 2024ರಲ್ಲಿ ಕೇರಳ ಹೈಕೋರ್ಟ್ ತಿದ್ದಿದ ನಿಯಮದ ಪ್ರಕಾರ ಈ ಮಿತಿಯೊಳಗಿನ ಫಿಲ್ಮ್‌ಗೆ ಅಡ್ಡಿಯಿಲ್ಲ ಎಂದಿತು. “ಫಿಲ್ಮ್ ಈಗ ಓಪನ್” ಎಂಬ ಫಾರ್ವರ್ಡ್ ಬಂದದ್ದು ಅಲ್ಲಿಂದ.

ಅದು ಬಿಟ್ಟ ಮುಖ್ಯ ವಿಷಯ ಗುಣಾಕಾರ. ಗಾಜೇ ಶೇ 75 ಬೆಳಕು ಬಿಡುತ್ತಿದ್ದು, ಅದರ ಮೇಲೆ ಶೇ 70ರ ಫಿಲ್ಮ್ ಅಂಟಿಸಿದರೆ ಒಟ್ಟು ಹಾಯುವುದು ಶೇ 52 ಚಿಲ್ಲರೆ. ಪಕ್ಕದ ಗಾಜಿಗೆ ಹೇಗೋ ಸರಿ, ಮುಂದಿನ ಗಾಜಿಗೆ ನಿಯಮ ಮೀರಿತು. “ಕಪ್ಪಾದಷ್ಟೂ ತಂಪು” ಎಂಬುದೂ ತಪ್ಪು. ಬಿಸಿಲಿನ ಕಾವಿನಲ್ಲಿ ದೊಡ್ಡ ಪಾಲು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳದ್ದು. ಅದನ್ನು ತಡೆಯುವ ತಿಳಿ ಫಿಲ್ಮ್‌ಗಳಿವೆ, ತಡೆಯದ ಕಡುಗಪ್ಪು ಫಿಲ್ಮ್‌ಗಳೂ ಇವೆ.

ದೊಡ್ಡ ಟೈರ್, ಸ್ನಾರ್ಕಲ್

ಬೊಲೆರೊದ 215/75 ಆರ್15 ಟೈರಿನ ವ್ಯಾಸ ಸುಮಾರು 703 ಮಿ.ಮೀ. ಅದೇ ರಿಮ್ಮಿಗೆ 235/75 ಹಾಕಿದರೆ 733. ವ್ಯತ್ಯಾಸ ಶೇ 4ರಷ್ಟು. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ಮೀಟರು ಮೊದಲಿಗಿಂತ ಶೇ 4 ಕಡಿಮೆ ತೋರಿಸುತ್ತದೆ, ಕಿಲೋಮೀಟರ್ ಓಡಿದ್ದೂ ಕಡಿಮೆ ದಾಖಲಾಗುತ್ತದೆ. “ದೊಡ್ಡ ಟೈರ್ ಹಾಕಿದ ಮೇಲೆ ಮೈಲೇಜ್ ಬಿತ್ತು” ಎನ್ನುವುದರಲ್ಲಿ ಒಂದು ಪಾಲು ಈ ಮೀಟರಿನದ್ದೇ. ತಿರುಗಿಸುವಾಗ ಉಜ್ಜುವುದು, ಬ್ರೇಕಿಗೆ ಭಾರ ಹೆಚ್ಚುವುದು ಬೇರೆ.

ಸ್ನಾರ್ಕಲ್ ಹಾಕಿಸಿ ಹಳ್ಳ ದಾಟುವ ರೀಲ್ಸ್ ಮಳೆಗಾಲದಲ್ಲಿ ಹೆಚ್ಚು. ಸ್ನಾರ್ಕಲ್ ಮಾಡುವ ಕೆಲಸ ಒಂದೇ, ಎಂಜಿನ್ ಗಾಳಿ ಎಳೆಯುವ ಬಾಯಿಯನ್ನು ಮೇಲಕ್ಕೆ ಒಯ್ಯುವುದು. ಆಲ್ಟರ್‌ನೇಟರ್, ಎಲೆಕ್ಟ್ರಾನಿಕ್ ಪೆಟ್ಟಿಗೆ, ಗೇರ್‌ಬಾಕ್ಸ್ ಉಸಿರಾಡುವ ಕೊಳವೆ ಎಲ್ಲ ಮೊದಲಿದ್ದಲ್ಲೇ ಇರುತ್ತವೆ. ಥಾರ್‌ಗೆ ಕಂಪನಿ ಹೇಳಿದ ನೀರಿನ ಆಳ 650 ಮಿ.ಮೀ., ಅದೂ ನಿಂತ ನೀರಿನ ಮಾತು. ಎರಡು ಅಡಿ ಹರಿಯುವ ನೀರು ದೊಡ್ಡ ಗಾಡಿಯನ್ನೂ ಎತ್ತಿ ಒಯ್ಯಬಲ್ಲದು, ಏಕೆಂದರೆ ತೇಲತೊಡಗಿದ ಗಾಡಿಯ ಟೈರಿಗೆ ಹಿಡಿತವಿಲ್ಲ. ತುಂಗಭದ್ರೆ ತುಂಬಿದಾಗ ಹೊನ್ನಾಳಿ ಕಡೆಯ ತಗ್ಗಿನ ರಸ್ತೆಗಳಲ್ಲಿ ಸ್ನಾರ್ಕಲ್ ನಿಮ್ಮನ್ನು ಕಾಯುವುದಿಲ್ಲ. ತಮಾಷೆ ಎಂದರೆ, ಅಂಟು ಹಾಕಿ ಬಾಡಿಗೆ ಹಚ್ಚುವ, ಒಳಗೆ ಯಾವ ಕೊಳವೆಗೂ ಸೇರದ ಅಲಂಕಾರದ ಸ್ನಾರ್ಕಲ್‌ಗಳೂ ಮಾರಾಟಕ್ಕಿವೆ. ನಿಜವಾದ ಸ್ನಾರ್ಕಲ್‌ನಿಂದ ಲಾಭ ಇರುವುದು ಜಗಳೂರಿನಂಥ ಒಣ ನಾಡಿನಲ್ಲಿ: ನೆಲಮಟ್ಟದ ಧೂಳಿನ ಬದಲು ಮೇಲಿನ ಸ್ವಚ್ಛ ಗಾಳಿ ಸಿಕ್ಕಿ ಏರ್ ಫಿಲ್ಟರ್ ಹೆಚ್ಚು ದಿನ ಬಾಳುತ್ತದೆ. ಟ್ರ್ಯಾಕ್ಟರ್ ಬಾನೆಟ್ ಮೇಲೆ ಅಣಬೆಯಂತೆ ನಿಂತ ಡಬ್ಬಿಯೂ ಇದೇ ಕೆಲಸಕ್ಕೆ.

ಟೂತ್‌ಪೇಸ್ಟ್, ಸುಟ್ಟ ಆಯಿಲ್

ಟೂತ್‌ಪೇಸ್ಟ್ ಕೆಲಸ ಮಾಡುತ್ತದೆ, ಕೆಲವು ವಾರ. ಹೆಡ್‌ಲೈಟಿನ ಹೊರಮೈ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಅದರ ಮೇಲಿನ ತೆಳು ರಕ್ಷಣಾ ಪದರ ಬಿಸಿಲಿಗೆ ಸವೆದು ಹಳದಿಯಾಗುತ್ತದೆ. ಪೇಸ್ಟಿನ ನುಣ್ಣನೆಯ ಪುಡಿ ಆ ಹಳದಿಯನ್ನು ಉಜ್ಜಿ ತೆಗೆಯುತ್ತದೆ, ಜೊತೆಗೆ ಉಳಿದ ಪದರವನ್ನೂ. ಮೇಲೆ ಯುವಿ ತಡೆಯುವ ಕೋಟಿಂಗ್ ಹಚ್ಚದಿದ್ದರೆ ಮತ್ತೆ ಮಬ್ಬಾಗುವುದು ಮೊದಲಿಗಿಂತ ಬೇಗ.

ತುಕ್ಕು ಹಿಡಿಯದಿರಲಿ ಎಂದು ಗಾಡಿಯ ತಳಕ್ಕೆ ಡೀಸೆಲ್ಲೋ ಸುಟ್ಟ ಎಂಜಿನ್ ಆಯಿಲ್ಲೋ ಹೊಡೆಸುವುದು ನಮ್ಮ ಸರ್ವಿಸ್ ಸ್ಟೇಷನ್‌ಗಳ ಹಳೇ ಪದ್ಧತಿ. ಎಣ್ಣೆ ನೀರನ್ನು ದೂರವಿಡುತ್ತದೆ ಎಂಬುದು ನಿಜ. ಆದರೆ ಅದೇ ಎಣ್ಣೆ ಧೂಳನ್ನು ಹಿಡಿದು ಅಂಟಿಸುತ್ತದೆ, ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳನ್ನು ಊದಿಸಿ ಮೆತ್ತಗಾಗಿಸುತ್ತದೆ, ಬ್ರೇಕಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ, ಉಳಿದದ್ದು ತೋಟದ ಮಣ್ಣಿಗೆ ಇಳಿಯುತ್ತದೆ. ಗದ್ದೆಯಿಂದ ಬಂದ ದಿನವೇ ಚಕ್ರದ ಗೂಡು ಮತ್ತು ಚಾಸಿಸ್ ಮೂಲೆಗಳ ಹಸಿ ಕೆಸರನ್ನು ಬರೀ ನೀರಿನಲ್ಲಿ ತೊಳೆದು ಒಣಗಲು ಬಿಟ್ಟರೆ ಅದಕ್ಕಿಂತ ಹೆಚ್ಚು ಪ್ರಯೋಜನ. ಕೆಸರು ತೇವ ಹಿಡಿದಿಟ್ಟುಕೊಳ್ಳುವುದರಿಂದಲೇ ತುಕ್ಕು ಅಲ್ಲಿಂದ ಶುರುವಾಗುವುದು.

ಖರ್ಚಿಲ್ಲದ ಇನ್ನೆರಡು ಎಚ್ಚರಿಕೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಹೊಲಿದಿದ್ದರೆ ಸಾಮಾನ್ಯ ಸೀಟ್ ಕವರ್ ಹಾಕಬೇಡಿ, ಆ ಜಾಗದಲ್ಲಿ ಹರಿದುಕೊಳ್ಳುವ ಹೊಲಿಗೆ ಇರುವ ಕವರೇ ಬೇಕು. ಡ್ರೈವರ್ ಕಾಲಬಳಿ ಕಂಪನಿಯ ಮ್ಯಾಟ್ ಮೇಲೆ ಇನ್ನೊಂದು ಮ್ಯಾಟ್ ಹಾಸಿದ್ದರೆ ಈಗಲೇ ತೆಗೆಯಿರಿ. ಅದು ಮುಂದೆ ಜಾರಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಳ್ಳುತ್ತದೆ.